ಗೋಲು ಹೊಡೆಯದ ಡಿಫೆಂಡರ್‌ಗೆ ತಂಡದಲ್ಲಿ ಜಾಗ ಕೊಡಬೇಕಾ?

ಪ್ರಶ್ನೆ: ಕಾಲೇಜು ಹಾಕಿ ತಂಡದ ಆಯ್ಕೆ ನಡೀತಿದೆ. ಒಬ್ಬ ಹುಡುಗ ಟ್ಯಾಕಲ್‌ನಲ್ಲಿ (ಎದುರಾಳಿಯಿಂದ ಚೆಂಡು ಕಸಿಯೋದರಲ್ಲಿ) ಗಟ್ಟಿ, ಪೆನಾಲ್ಟಿ ಕಾರ್ನರ್ (ನಮ್ಮ ತಪ್ಪಿಗೆ ಎದುರಾಳಿಗೆ ಸಿಗುವ ಗೋಲು ಹೊಡೆಯುವ ಅವಕಾಶ) ತಡೆಯೋಕೆ ಹೆದರದೆ ಓಡ್ತಾನೆ. ಪಾಸ್ ಸಾಧಾರಣ, ಗೋಲಂತೂ ಇಲ್ಲವೇ ಇಲ್ಲ. ಅವನ ಬದಲು ಇನ್ನೊಬ್ಬ ಫಾರ್ವರ್ಡ್ ತಗೊಳ್ಳಲಾ? ಅನುಭವ ಇದ್ದವರು ಹೇಳಿ.

ಗೋಲ್‌ಕೀಪರ್ ಆಗಿದ್ದವರು: ಖಂಡಿತ ಇಟ್ಕೊಳ್ಳಿ ಸಾರ್. ಫಸ್ಟ್ ರಷರ್, ಅಂದರೆ ಕಾರ್ನರ್ ತಡೆಯೋಕೆ ಗೋಲಿನಿಂದ ಮೊದಲು ಓಡಿ ಬರುವವನು, ಸರಿಯಾದ ದಾರಿ ಹಿಡಿದು ಓಡಿದರೆ ಫ್ಲಿಕ್ ಮಾಡುವವನಿಗೆ (ಸ್ಟಿಕ್‌ನಿಂದ ಚೆಂಡನ್ನು ಗೋಲಿಗೆ ಎಸೆಯುವವನಿಗೆ) ಗೋಲಿನ ಒಂದು ಬದಿ ಮುಚ್ಚಿಹೋಗುತ್ತೆ, ಕೀಪರ್ ಇನ್ನೊಂದು ಬದಿ ನೋಡ್ಕೊಂಡ್ರೆ ಆಯ್ತು. ಅದೇ ರಷರ್ ಎರಡು ಹೆಜ್ಜೆ ಅಡ್ಡ ಬಂದರೆ ನಮಗೆ ಚೆಂಡೇ ಕಾಣಲ್ಲ. ಬರೀ ಧೈರ್ಯ ಸಾಲದು, ಓಡುವ ದಾರಿ ನೋಡಿ.

ತಂಡಗಳಿಗೆ ತರಬೇತಿ ಕೊಡುವವರು: ನಾನು ಸ್ವಲ್ಪ ಬೇರೆ ಹೇಳ್ತೀನಿ. ಹಾಕಿಯಲ್ಲಿ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಾಯಿಸಬಹುದು, ಹಾಗಾಗಿ ಕಾರ್ನರ್ ಬಂದಾಗ ಮಾತ್ರ ಇವನನ್ನು ಇಳಿಸೋಣ ಅಂತ ಹಲವರು ಲೆಕ್ಕ ಹಾಕ್ತಾರೆ. ಅದು ಆಗಲ್ಲ. ಅಂಪೈರ್ ಪೆನಾಲ್ಟಿ ಕಾರ್ನರ್ ಕೊಟ್ಟ ಕ್ಷಣದಿಂದ ಅದು ಮುಗಿಯುವವರೆಗೆ ಬದಲಾವಣೆ ಇಲ್ಲ. ಗೋಲು ರಕ್ಷಿಸುವ ತಂಡದ ಕೀಪರ್ ಗಾಯಗೊಂಡರೆ ಅಥವಾ ಅಮಾನತಾದರೆ ಮಾತ್ರ ವಿನಾಯಿತಿ. ಅಂದರೆ ಅವನು ಆಗಲೇ ಮೈದಾನದಲ್ಲಿ ಇರಬೇಕು, ಮಾಮೂಲಿ ಆಟವನ್ನೂ ಆಡಬೇಕು.

ಅದಕ್ಕೇ ಅವನ ಟ್ಯಾಕಲ್ ನೋಡುವಾಗ ನಾನು ಡಿ (ಗೋಲಿನ ಮುಂದಿನ ಅರ್ಧವೃತ್ತ) ಒಳಗೆ ಏನು ಮಾಡ್ತಾನೆ ಅಂತ ನೋಡೋದು. ಎದುರಾಳಿಯನ್ನು ಬೇಸ್‌ಲೈನ್ ಕಡೆಗೆ ತಳ್ಳಿಕೊಂಡು ಹೋಗಿ, ಸ್ಟಿಕ್ ನೆಲಕ್ಕಿಟ್ಟು ಕಾಯೋನು ಬೇಕು. ಮೇಲೆ ಬಿದ್ದು ಚೆಂಡಿಗೆ ಬದಲು ಸ್ಟಿಕ್‌ಗೆ ಬಡಿದರೆ ಅವನೇ ಕಾರ್ನರ್ ಕೊಟ್ಟು ಅವನೇ ಓಡಬೇಕಾಗುತ್ತೆ. ಹಸಿರು ಕಾರ್ಡ್ ಬಿದ್ದರೆ 2 ನಿಮಿಷ, ಹಳದಿ ಆದರೆ ಕನಿಷ್ಠ 5 ನಿಮಿಷ ಹತ್ತೇ ಜನ. ಇದು ಸರಿ ಇದ್ದರೆ ಗೋಲು ಹೊಡೆಯದಿದ್ದರೂ ನನ್ನ ಮೊದಲ ಹನ್ನೊಂದರಲ್ಲೇ ಇರ್ತಾನೆ.

ಇನ್ನೊಬ್ಬರು: ಇಂಥವರ ಬೆಲೆ ಗೊತ್ತಾಗೋದು ಅವರು ಇಲ್ಲದಾಗ. 2024ರ ಪ್ಯಾರಿಸ್ ಒಲಿಂಪಿಕ್ಸ್ ನೆನಪಿಸ್ಕೊಳ್ಳಿ. ನಮ್ಮ ಭಾರತ ತಂಡದ ಫಸ್ಟ್ ರಷರ್ ಅಮಿತ್ ರೋಹಿದಾಸ್‌ಗೆ ಗ್ರೇಟ್ ಬ್ರಿಟನ್ ವಿರುದ್ಧದ ಕ್ವಾರ್ಟರ್ ಫೈನಲ್‌ನಲ್ಲಿ ಕೆಂಪು ಕಾರ್ಡ್. ನಲವತ್ತಕ್ಕೂ ಹೆಚ್ಚು ನಿಮಿಷ ಹತ್ತೇ ಜನ ಆಡಿ 1-1 ಉಳಿಸಿದರು, ಶೂಟೌಟ್‌ನಲ್ಲಿ ಗೋಲ್‌ಕೀಪರ್ ಶ್ರೀಜೇಶ್ ಕಾಪಾಡಿದರು. ಸೆಮಿಫೈನಲ್‌ಗೆ ರೋಹಿದಾಸ್ ಅಮಾನತು. ಜರ್ಮನಿ ತನ್ನ ಮೊದಲ ಗೋಲನ್ನು ಪೆನಾಲ್ಟಿ ಕಾರ್ನರ್‌ನಲ್ಲೇ ಹೊಡೆದು, ಕೊನೆಗೆ 3-2ರಲ್ಲಿ ಗೆದ್ದಿತು. ಅವರಿದ್ದಿದ್ದರೆ ತಡೀತಿದ್ದರು ಅಂತ ಖಚಿತವಾಗಿ ಹೇಳಕ್ಕಾಗಲ್ಲ. ಆದರೆ ಅವತ್ತು ಟಿವಿ ಮುಂದೆ ಕೂತವರು ಪ್ರತಿ ಕಾರ್ನರ್‌ಗೂ ಆ ಜಾಗವನ್ನೇ ನೋಡ್ತಿದ್ವಿ.

ಪಾಸ್ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೊಬೇಡಿ, ಪಕ್ಕದ ಹಾಫ್‌ಗೆ (ಮಧ್ಯದ ಸಾಲಿನ ಆಟಗಾರನಿಗೆ) ಹತ್ತು ಗಜ ನೇರ ತಳ್ಳಿದರೆ ಸದ್ಯಕ್ಕೆ ಸಾಕು.

ತರಬೇತುದಾರರು ಮತ್ತೆ: ಒಂದು ಕೆಲಸ ಮಾಡಿ. ಎರಡು ಅಭ್ಯಾಸ ಪಂದ್ಯ ಇಟ್ಟು, ಅವನಿದ್ದಾಗ ಎದುರಾಳಿ ಎಷ್ಟು ಸಲ ಡಿ ಒಳಗೆ ಬಂದರು, ಎಷ್ಟು ಕಾರ್ನರ್ ಗಿಟ್ಟಿಸಿದರು, ಅವನು ಹೊರಗಿದ್ದಾಗ ಎಷ್ಟು ಅಂತ ಬರೆದಿಡಿ. ಆ ಫಾರ್ವರ್ಡ್ ಹುಡುಗನನ್ನೂ ಅದೇ ಪಂದ್ಯದಲ್ಲಿ ಆಡಿಸಿ.