ಶಾಲಾ ಅನುದಾನ 25,000: ಹೆಂಚು ಮೊದಲೋ, ಬಣ್ಣ ಮೊದಲೋ?

ಮೂಡಿಗೆರೆ ಕಡೆಯ ತಾಯಿ:
ಎಲ್ಲರಿಗೂ ನಮಸ್ಕಾರ. ನಮ್ಮೂರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 34 ಮಕ್ಕಳು. ನನ್ನ ಮಗಳು ಎರಡನೇ ಕ್ಲಾಸು. ಈ ವರ್ಷ ನಾನೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯ ಅನುದಾನ 25,000 ರೂಪಾಯಿ ಬಂದಿದೆ. ಹೊರಗೋಡೆಗೆಲ್ಲ ಬಣ್ಣ ಹೊಡೆಸೋಣ ಅಂತಾರೆ ಹೆಡ್‌ಮಾಸ್ಟರು. ಒಂದರಿಂದ ಮೂರನೇ ಕ್ಲಾಸಿನವರು ಒಟ್ಟಿಗೆ ಕೂರೋ ನಲಿ-ಕಲಿ ಕೋಣೆಯ ಮೂಲೆಯಲ್ಲಿ ಹೆಂಚಿನ ಕೆಳಗಿನ ಮರದ ರೀಪಿಗೆ ಗೆದ್ದಲು ಹಿಡಿದು ಹೆಂಚು ಜಾರಿವೆ. ಹೋದ ಜುಲೈನಲ್ಲಿ ಕೋಣೆಯೊಳಗೆ ತಲೆ ಮೇಲಿನ ದಾರದ ಚಪ್ಪರಕ್ಕೆ ಕಟ್ಟಿದ್ದ ಮಕ್ಕಳ ಚಿತ್ರಗಳೆಲ್ಲ ನೆನೆದು ಮುದ್ದೆಯಾದವು. ಮಳೆ ಜೋರಾದರೆ ಮಕ್ಕಳನ್ನೆಲ್ಲ ಒಂದೇ ಗೋಡೆಗೆ ಒತ್ತಿ ಕೂರಿಸ್ತಾರೆ.

ಸಭೆ ಅಂತ ಕರೆಯಲೇ ಇಲ್ಲ. ತೋಟದ ಕೆಲಸಕ್ಕೆ ಹೊರಟಿದ್ದಾಗ ನಡಾವಳಿ ಪುಸ್ತಕವೇ ಮನೆಗೆ ಬಂತು. ನಾನು ಸಹಿ ಹಾಕಲಿಲ್ಲ. ತಪ್ಪಾಯ್ತಾ?

ನಿವೃತ್ತ ಮೇಷ್ಟ್ರು, ಅರಕಲಗೂಡು:
ತಪ್ಪಲ್ಲಮ್ಮ. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳಿದ್ದು ಇದಕ್ಕೇ. ಶಾಲಾ ಅಭಿವೃದ್ಧಿ ಯೋಜನೆ ಮಾಡೋದು, ಅನುದಾನದ ಖರ್ಚು ನೋಡಿಕೊಳ್ಳೋದು ಎರಡೂ ನಿಮ್ಮ ಕೆಲಸ.

ಆದರೆ ಹೆಡ್‌ಮಾಸ್ಟರ ಲೆಕ್ಕವನ್ನೂ ಕೇಳಿ. ಈ ಅನುದಾನ ನಿಂತಿರೋದು ಮಕ್ಕಳ ಸಂಖ್ಯೆ ಮೇಲೆ. 30 ದಾಟಿದರೆ 25,000, 30ಕ್ಕೆ ಇಳಿದರೆ 10,000. ನಿಮ್ಮೂರಿನ ನಾಲ್ಕು ಮಕ್ಕಳು ಕಾನ್ವೆಂಟ್ ವ್ಯಾನ್ ಹತ್ತಿದರೆ 15,000 ಹೋಯ್ತು. ಸಕಲೇಶಪುರದ ಕಡೆ ಇದ್ದಾಗ ದಾಖಲಾತಿ ಪುಸ್ತಕ ನೋಡಿ ನಾನೂ ನಿದ್ದೆಗೆಟ್ಟವನೇ. ಶಾಲೆ ಚೆಂದ ಕಂಡರೆ ಮಕ್ಕಳು ಉಳೀತಾರೆ ಅನ್ನೋ ಆಸೆ, ಬಣ್ಣ ಅವರಿಗೆ ಶೋಕಿಯಲ್ಲ.

ಬೇಲೂರು, ಪಂಚಾಯಿತಿ ಮಾಜಿ ಸದಸ್ಯ:
ಅಕ್ಕಾ, ಶೇ 10ರಷ್ಟಾದರೂ ಸ್ವಚ್ಛತೆಗೆ ಇಡಬೇಕು. ಹಾಗಾಗಿ ನಿಮ್ಮ ಕೈಲಿರೋದು 22,500. ಹೆಂಚು, ರೀಪು ದುರಸ್ತಿ ಅದರಲ್ಲಿ ಮಾಡಬಹುದು, ಹೊಸ ಕಟ್ಟಡ ಆಗಲ್ಲ. ದೊಡ್ಡ ಕೆಲಸಕ್ಕೆ ಪಂಚಾಯಿತಿ ಹಿಡಿಯಿರಿ. ನಮ್ಮೂರ ಶಾಲೆ ಕಾಂಪೌಂಡು ನರೇಗಾದಲ್ಲಿ ಆಯ್ತು, ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿದ ಮೇಲೆ.

ಮೂಡಿಗೆರೆ ಕಡೆಯ ತಾಯಿ:
ಮೇಷ್ಟ್ರೇ, ಅಣ್ಣಾ, ಇಬ್ಬರಿಗೂ ನಮಸ್ಕಾರ. ನೀವು ಹೇಳಿದ 30ರ ಲೆಕ್ಕ ನನಗೆ ಗೊತ್ತೇ ಇರಲಿಲ್ಲ. ಹೆಡ್‌ಮಾಸ್ಟರ ಮೇಲಿದ್ದ ನನ್ನ ಸಿಟ್ಟು ಅರ್ಧ ಅಲ್ಲೇ ಇಳೀತು.

ತೋಟದವರಿಗೂ ಬಿಡುವಿರಲಿ ಅಂತ ಭಾನುವಾರ ಸಭೆ ಕೇಳಿಕೊಂಡೆ. ಹನ್ನೊಂದು ಜನ ಬಂದರು. ಸಂಖ್ಯೆಯ ಮಾತು ನಾನೇ ಎತ್ತಿದೆ. ಹೆಡ್‌ಮಾಸ್ಟರು ತುಂಬ ಹೊತ್ತು ಮಾತಾಡಿದರು, ಯಾವ ಯಾವ ಮನೆಗೆ ಹೋಗಿ ಮಕ್ಕಳನ್ನ ಕೇಳಿ ಬಂದೆ ಅಂತೆಲ್ಲ. ಇದನ್ನ ಅವರು ಮೊದಲೇ ನಮಗೆ ಹೇಳಬೇಕಿತ್ತು. ಒಬ್ಬರೇ ಹೊತ್ತುಕೊಂಡು ಓಡಾಡಿದ್ದಾರೆ. ಕೊನೆಗೆ ಮಳೆಗೆ ಮುಂಚೆ ಹೆಂಚು, ರೀಪು, ಉಳಿದದ್ದರಲ್ಲಿ ರಸ್ತೆ ಕಡೆಯ ಗೋಡೆಗೆ ಮಾತ್ರ ಬಣ್ಣ ಅಂತಾಯ್ತು. ನಡಾವಳಿ ಓದಿಸಿ ಕೇಳಿ ಸಹಿ ಹಾಕಿದೆ. ಗುರುವಾರ ಬಡಗಿ ಬರ್ತಾರೆ.

ಹುಡುಗಿಯರ ಶೌಚಾಲಯಕ್ಕೆ ನೀರು ಮಾತ್ರ ಹಾಗೇ ಉಳೀತು. ಸ್ವಚ್ಛತೆಗೆ ಇಟ್ಟ 2,500ಕ್ಕೆ ಪಂಪು, ಪೈಪು ಎರಡೂ ಆಗಲ್ಲ. ಮುಂದಿನ ಗ್ರಾಮಸಭೆ ಯಾವಾಗ ಅಂತ ನಾಳೆ ಪಂಚಾಯಿತಿಗೆ ಹೋಗಿ ಕೇಳ್ತೇನೆ.