‘ಎಸಳು’ ಯಾವುದಕ್ಕೆಲ್ಲ ಸಲ್ಲುತ್ತದೆ?

ಗೆಳೆಯರೇ,

ಹೂಗಳ ಬಗ್ಗೆ ಕನ್ನಡದಲ್ಲಿ ಬರೆಯುವವರಿಗೆ ಆಗಾಗ ಎದುರಾಗುವ ಒಂದು ತೊಡಕಿದೆ. ‘ಎಸಳು’ ಅನ್ನುವ ಪದವನ್ನು ಎಲ್ಲಿಯವರೆಗೆ ಬಳಸಬಹುದು?

ಸೂರ್ಯಕಾಂತಿಯನ್ನೇ ತೆಗೆದುಕೊಳ್ಳಿ. ಸುತ್ತಲೂ ಹಳದಿ ಎಸಳು ಅಂತ ಎಲ್ಲರೂ ಬರೆಯುತ್ತೇವೆ. ಅದರಲ್ಲೊಂದನ್ನು ಮೆಲ್ಲಗೆ ಬುಡಸಮೇತ ಕಿತ್ತು ನೋಡಿ. ತುದಿಯಲ್ಲಿ ಚಪ್ಪಟೆ ಪಟ್ಟಿ, ಬುಡದಲ್ಲಿ ಪುಟ್ಟ ಕೊಳವೆ, ಅದರಡಿ ಬಿಳಿಚಿಕೊಂಡ ಅಂಡಾಶಯ. ಅದೊಂದು ಇಡೀ ಹೂವು! ಅದರ ದಳಗಳು ಒಂದಕ್ಕೊಂದು ಬೆಸೆದುಕೊಂಡು ಆ ಪಟ್ಟಿ ಆಗಿದೆ. ಈ ಹೂಗಳು ಬೀಜ ಕಟ್ಟುವುದಿಲ್ಲ, ಜೇನುಹುಳುಗಳನ್ನು ದೂರದಿಂದ ಸೆಳೆಯುವುದೇ ಇವುಗಳ ಕೆಲಸ. ಬೀಜ ಕಟ್ಟುವುದು ನಡುವಿನ ಬಿಲ್ಲೆಯಲ್ಲಿ ಒತ್ತೊತ್ತಾಗಿ ಕೂತಿರುವ ನೂರಾರು ಕಿರುಹೂಗಳು. ಒಂದೊಂದರದ್ದೂ ಐದು ಹಲ್ಲಿನ ಪುಟ್ಟ ಕೊಳವೆ. ಅಂಚಿನಿಂದ ಶುರುವಾಗಿ ಸುತ್ತುಸುತ್ತಾಗಿ ಒಳಮುಖವಾಗಿ ಅರಳುತ್ತಾ ಹೋಗುತ್ತವೆ. ಸೇವಂತಿಗೆ, ಚೆಂಡುಹೂಗಳದ್ದೂ ಇದೇ ಬಳಗ.

ಕಾಗದದ ಹೂವಿನ, ಅಂದರೆ ಬೋಗನ್‌ವಿಲ್ಲಾದ, ಕಥೆ ಇನ್ನೊಂದು. ಅಲ್ಲಿ ಬಣ್ಣ ಇರುವುದೆಲ್ಲ ಎಲೆಯಲ್ಲಿ. ಮೂರು ಬಣ್ಣದ ಎಲೆ ಸೇರಿ ಒಂದು ಗುಂಪು. ಪ್ರತಿ ಎಲೆಯ ನಡುನರಕ್ಕೆ ಅಂಟಿಕೊಂಡು ಒಂದು ತೆಳ್ಳಗಿನ ಕೊಳವೆ, ಅದರ ತುದಿ ಅರಳಿ ಬೆಳ್ಳಗೆ ಕಾಣುತ್ತದಲ್ಲ, ನಿಜವಾದ ಹೂವು ಅದು. ಬಣ್ಣದ ಭಾಗವನ್ನು ಬೆಳಕಿಗೆ ಹಿಡಿದರೆ ಎಲೆಯಲ್ಲಿರುವ ಹಾಗೇ ನರಗಳ ಬಲೆ ಕಾಣುತ್ತದೆ. ಪಾಯಿನ್ಸೆಟಿಯಾದ ಕೆಂಪೂ ಹೀಗೇ ಎಲೆಯದ್ದು. ಟ್ಯುಲಿಪ್‌ನಲ್ಲಿ ತೊಡಕು ಬೇರೆ ಥರ. ಆರು ಎಸಳು ಕಾಣುತ್ತವೆ. ಹೊರಗಿನ ಮೂರು, ಒಳಗಿನ ಮೂರು, ಎರಡೂ ಒಂದೇ ಬಣ್ಣ. ಯಾವುದು ಪುಷ್ಪಪತ್ರ (ಮೊಗ್ಗನ್ನು ಹೊರಗಿನಿಂದ ಮುಚ್ಚುವ, ಸಾಮಾನ್ಯವಾಗಿ ಹಸಿರಾಗಿರುವ ಭಾಗ), ಯಾವುದು ದಳ ಅಂತ ಬಿಡಿಸಿ ಹೇಳುವಂತಿಲ್ಲ.

ಹಾಗಾದರೆ ಇವನ್ನೆಲ್ಲ ಎಸಳು ಅನ್ನುವುದು ತಪ್ಪೇ? ತಪ್ಪಲ್ಲ ಅಂತಲೇ ನನ್ನ ಅನಿಸಿಕೆ. ಈ ಪದ ಯಾವತ್ತೂ ಅಷ್ಟು ಇಕ್ಕಟ್ಟಾಗಿ ಇರಲಿಲ್ಲ. ಬೆಳ್ಳುಳ್ಳಿಗೆ ಎಸಳಿದೆ, ಕರಿಬೇವಿಗೂ ಎಸಳಿದೆ. ಒಟ್ಟಿಗೆ ಜೋಡಿಕೊಂಡಿದ್ದು, ಬಿಡಿಸಿದರೆ ಒಂದೊಂದಾಗಿ ಕೈಗೆ ಬರುವಂಥದ್ದು ಎಸಳು. ತಮಿಳಿನಲ್ಲಿ ಇದರ ಒಡಹುಟ್ಟು ‘ಇದಳ್’ ಹೂವಿನ ಎಸಳಿಗೂ ಆಗುತ್ತದೆ, ತುಟಿಗೂ ಆಗುತ್ತದೆ. ‘ದಳ’ವೂ ಅಷ್ಟೇ. ತುಳಸಿದಳ ಅಂದಾಗ ನಾವು ಹೇಳುತ್ತಿರುವುದು ಎಲೆಯನ್ನೇ ಅಲ್ವಾ?

ಯುರೋಪಿನಲ್ಲೂ ಮೊದಲು ಹೀಗೇ ಇತ್ತು. ಎಲೆಗೂ ಎಸಳಿಗೂ ಲ್ಯಾಟಿನ್‌ನಲ್ಲಿ ಒಂದೇ ಪದ ಓಡಾಡುತ್ತಿತ್ತು. ‘ಪೆಟಲ್’ ಅನ್ನುವುದರ ಮೂಲ ರೂಪವನ್ನು ಹೂವಿನ ದಳಕ್ಕೆ ಅಂತಲೇ ಬಳಕೆಗೆ ತಂದವನು ಇಟಲಿಯ ಸಸ್ಯಶಾಸ್ತ್ರಜ್ಞ ಫ್ಯಾಬಿಯೋ ಕೊಲೊನ್ನ. ಅದಕ್ಕೆ ಅವನು ಆರಿಸಿದ ಗ್ರೀಕ್ ಪದದ ಅರ್ಥವೂ ಎಲೆ, ತೆಳು ತಗಡು ಅಂತಲೇ. ಪುಷ್ಪಪತ್ರಕ್ಕೆ ‘ಸೆಪಲ್’ ಅನ್ನುವ ಪದ ಬಂದಿದ್ದು 1790ರಲ್ಲಿ. ಟ್ಯುಲಿಪ್‌ನಂಥ ಹೂಗಳಿಗಾಗಿ ‘ಟೆಪಲ್’ ಹುಟ್ಟಿದ್ದು ಇನ್ನೂ ತಡವಾಗಿ, 19ನೇ ಶತಮಾನದಲ್ಲಿ. ಭಾಗಗಳನ್ನು ಎಣಿಸಿ ಗಿಡಗಳನ್ನು ಗುಂಪು ಮಾಡುವ ಕೆಲಸ ಜಾಸ್ತಿಯಾದ ಹಾಗೆ ಪದಗಳೂ ಒಂದೊಂದಾಗಿ ಸೇರಿಕೊಂಡವು. 1790ರಲ್ಲೇ ಜರ್ಮನಿಯ ಕವಿ ಗಯಟೆ, ಹೂವಿನ ಭಾಗಗಳೆಲ್ಲ ಎಲೆಯೇ ಮಾರ್ಪಟ್ಟು ಆದವು ಎಂದು ವಾದಿಸಿದ್ದ. ಇಂದಿನ ವಂಶವಾಹಿ ಅಧ್ಯಯನಗಳು ಅವನ ಮಾತಿಗೆ ಬಹಳಮಟ್ಟಿಗೆ ಬಲ ಕೊಟ್ಟಿವೆ. ಎಲೆ, ಎಸಳುಗಳ ನಡುವಿನ ಗೆರೆ ಗಿಡದಲ್ಲೇ ಅಷ್ಟು ಗಟ್ಟಿಯಾಗಿಲ್ಲ.

ಅದಕ್ಕೇ ಮಾಮೂಲಿ ಬರಹದಲ್ಲಿ ಸೂರ್ಯಕಾಂತಿಯ ಎಸಳು, ಕಾಗದದ ಹೂವಿನ ಎಸಳು ಅಂತ ಸುಮ್ನೆ ಬರೆಯೋಣ. ಯಾರಾದರೂ ಹಾಗೆ ಬರೆದರೆ ತಿದ್ದಲು ಹೋಗುವುದು ಬೇಡ. ಆದರೆ ಮಕ್ಕಳಿಗೆ ಹೂವು ಬಿಡಿಸಿ ತೋರಿಸುವ ಬರಹಕ್ಕೆ ಇದು ಸಾಲದು. ‘ಈ ಎಸಳು ಎಸಳಲ್ಲ, ಹೂವು’ ಅಂತ ಬರೆದರೆ ಮಗು ಯಾವುದನ್ನು ನಂಬಬೇಕು? ಅಲ್ಲಿ ಪುಷ್ಪಪತ್ರ, ಪುಷ್ಪದಳ ಅನ್ನುವ ಪಠ್ಯಪುಸ್ತಕದ ಪದಗಳು ಸ್ವಲ್ಪ ದೂರ ಮಾತ್ರ ಬರುತ್ತವೆ.

ನನಗೆ ಬೇಕಿರುವುದು ಮೂರು ಪದ. ಸೂರ್ಯಕಾಂತಿಯ ಅಂಚಿನ ಹೂವಿಗೆ ‘ಅಂಚುಹೂ’, ನಡುವಿನದಕ್ಕೆ ‘ಬಿಲ್ಲೆಹೂ’ ಅಂದರೆ ಹೇಗೆ? ಕೇಳಿದ ಕೂಡಲೇ ಎಲ್ಲಿದೆ ಅಂತ ತಿಳಿಯುತ್ತದೆ, ಅದಕ್ಕೇ ನನಗೆ ಇವೆರಡೂ ಹಿಡಿಸಿವೆ. ಕಾಗದದ ಹೂವಿನ ಬಣ್ಣದ ಎಲೆಯಂತೆ ಹೂವಿನ ಬುಡದಲ್ಲಿ ಬರುವ ಎಲೆಗೆ, ಅಂದರೆ ಬ್ರ್ಯಾಕ್ಟ್‌ಗೆ, ಮಾತ್ರ ಒಪ್ಪುವಂಥದ್ದು ಹೊಳೆದಿಲ್ಲ. ‘ಹೂವೆಲೆ’ ಅಂದರೆ ಪುಷ್ಪಪತ್ರದ ಜೊತೆ ಕಲಸಿಹೋಗುತ್ತದೆ. ‘ಬಣ್ಣದೆಲೆ’ ಅನ್ನೋಣ ಅಂದರೆ ಎಷ್ಟೋ ಗಿಡಗಳಲ್ಲಿ ಅದು ಹಸಿರಾಗೇ ಇರುತ್ತದೆ. ಹೂ ಬೆಳೆಯುವವರ, ಹೂ ಕಟ್ಟುವವರ ಮಾತಿನಲ್ಲಿ ಇದಕ್ಕೆ ಏನಾದರೂ ಹೆಸರು ಕೇಳಿದ್ದೀರಾ? ಕೇಳಿದ್ದರೆ ಯಾವ ಸೀಮೆಯ ಮಾತು ಅನ್ನುವುದನ್ನೂ ಸೇರಿಸಿ ಬರೆಯಿರಿ. ಎಸಳಿಗೆ ‘ಪಕಳೆ’ ಅನ್ನುವವರು ಆ ಪದವನ್ನು ಬರೀ ಹೂವಿಗೆ ಬಳಸುತ್ತಾರಾ, ಬೇರೆಯದಕ್ಕೂ ಬಳಸುತ್ತಾರಾ, ಅದನ್ನೂ ತಿಳಿಸಿ.