ಸಹಾಯ ಬೇಕು: ವ್ಯಕ್ತಿತ್ವ ಪ್ರಶ್ನಾವಳಿಯ ಉಲ್ಟಾ ಹೇಳಿಕೆಗಳು

ವ್ಯಕ್ತಿತ್ವದ ಐದು ಗುಣಗಳನ್ನು ಅಳೆಯುವ 44 ಹೇಳಿಕೆಗಳ ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುತ್ತಿದ್ದೇವೆ. ಉತ್ತರ 1ರಿಂದ (ಒಪ್ಪುವುದಿಲ್ಲ) 5ರವರೆಗೆ (ಒಪ್ಪುತ್ತೇನೆ). ಉಲ್ಟಾ ಹೇಳಿಕೆಯ (ಅಳೆಯುವ ಗುಣಕ್ಕೆ ವಿರುದ್ಧವಾದುದನ್ನು ಹೇಳುವಂಥದ್ದು) ಅಂಕವನ್ನು 6ರಿಂದ ಕಳೆಯಬೇಕು, ಅಂದರೆ 2 ಹಾಕಿದ್ದರೆ ಅದು 4. ಲೆಕ್ಕದಲ್ಲಿ ತೊಂದರೆಯಿಲ್ಲ, ತೊಡಕಿರುವುದು ಪದಗಳಲ್ಲಿ.

ಬಹಿರ್ಮುಖತೆಯ ಉಲ್ಟಾ ಹೇಳಿಕೆಯಲ್ಲಿ ‘ಮಿತಭಾಷಿ’ ಎಂದರೆ ಹೊಗಳಿಕೆಯಾಗಿ ಕೇಳಿಸುತ್ತದೆ. ವಾಚಾಳಿಗಳೂ 4 ಹಾಕಿಬಿಡುತ್ತಾರೆ! ಆಗ ಆ ಹೇಳಿಕೆ ಉಳಿದವುಗಳ ಜೊತೆ ಹೊಂದದೆ ಆಲ್ಫಾ (ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬುದರ ಅಳತೆ) ಕುಸಿಯುತ್ತದೆ. ‘ಬೆರೆಯುವುದಿಲ್ಲ’ ಎಂದರೆ, ‘ಒಪ್ಪುವುದಿಲ್ಲ’ ಎಂಬ ಉತ್ತರದ ಜೊತೆ ಸೇರಿ ಎರಡೆರಡು ‘ಇಲ್ಲ’. ಓದುವವರು ಅಲ್ಲೇ ಎಡವುತ್ತಾರೆ.

ಸದ್ಯಕ್ಕೆ ‘ನನ್ನ ಪಾಡಿಗೆ ನಾನಿರುತ್ತೇನೆ’ ಅಂತ ಇಟ್ಟಿದ್ದೇವೆ. ಇದರಲ್ಲಿ ಹೊಗಳಿಕೆ, ತೆಗಳಿಕೆ ಏನಾದರೂ ಕೇಳಿಸುತ್ತದೆಯೇ? ಬೇರೆ ಆಡುಮಾತಿದ್ದರೆ ತಿಳಿಸಿ. ಅರ್ಥ ಹಾಗೇ ಉಳಿದಿದೆಯೇ ಎಂದು ನೋಡಲು, ಮೂಲ ಪ್ರಶ್ನಾವಳಿ ಕಂಡಿರದ ಇಬ್ಬರು ನಮ್ಮ ಅನುವಾದವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿಕೊಡಲೂ ಬೇಕು. ನೋಡಿದವರು ದಯವಿಟ್ಟು ಬೇಡ, ನೆನಪು ನುಸುಳಿಬಿಡುತ್ತದೆ.